ಮೂವತ್ತೊಂದನೇ ನಂಬರಿನ ಹುಡುಗಿ

ಮಕ್ಕಳ ಸುಖವನ್ನು ಅಳೆಯುವುದು ಶಿವರಂಜಿನಿಯ ಕೆಲಸ. ಹೀಗೆಂದಾಗ ಎನ್.ಆರ್. ಕಾಲೋನಿಯ ನೆಂಟರೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಸುಖವೇನು ರವಿಕೆ ಬಟ್ಟೆಯೇ, ಟೇಪು ಹಿಡಿದು ಅಳೆಯಲು? ಅವಳಿಗೂ ಒಳಗೊಳಗೇ ಹಾಗನಿಸುತ್ತಿತ್ತು, ಆದರೆ ಸಂಬಳ ಬರುತ್ತಿದ್ದುದು ಅದರಿಂದಲೇ ಆದ್ದರಿಂದ ಗಂಭೀರವಾಗಿಯೇ ಇರುತ್ತಿದ್ದಳು. ಅವಳ ಹತ್ತಿರ ಇದ್ದ ಟೇಪು ಒಂದು ರಟ್ಟಿನ ಹಾಳೆ. ಅದರ ಮೇಲೆ ಐದು ಮುಖಗಳು, ಅಳುವ ಮುಖದಿಂದ ಹಿಡಿದು ಬಾಯ್ತುಂಬ ನಗುವ ಮುಖದವರೆಗೆ. ಶಾಲೆಯಲ್ಲಿ ನಿನಗೆ ಹೇಗನಿಸುತ್ತೆ ಎಂದು ಕೇಳಿದರೆ ಮಗು ಒಂದು ಮುಖದ ಮೇಲೆ ಬೆರಳಿಡಬೇಕು.

ಅವಳ ಸಂಸ್ಥೆಯದು ಎರಡು ವರ್ಷದ ಅಧ್ಯಯನ. ನಗರದ ಹಳೇ ಬಡಾವಣೆಗಳ ಶಾಲೆಗಳಲ್ಲಿ ಆರನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು. ಮರುವರ್ಷ ಅವೇ ಮಕ್ಕಳಿಗೆ ಅವೇ ಪ್ರಶ್ನೆ ಕೇಳಿ, ಕಲಿಕೆಯಲ್ಲಿ, ಮನಸ್ಸಿನಲ್ಲಿ ಏನು ಬದಲಾಗಿದೆ ಎಂದು ನೋಡುವುದು. ಹೆಸರು ಮಾತ್ರ ಕೇಳಕೂಡದು. ಮಗು ನಂಬಿ ಹೇಳಿದ ಮಾತು ನಾಳೆ ಯಾರದೋ ಕಿವಿಗೆ ಬಿದ್ದು ಅದಕ್ಕೇ ಪೆಟ್ಟಾಗಬಾರದಲ್ಲ, ಅದಕ್ಕೆ. ಹೆಸರಿನ ಬದಲು ಹಾಜರಿಯ ನಂಬರು. ಒಳ್ಳೆಯ ನಿಯಮವೇ, ಯಾರೂ ಬೆರಳು ತೋರಿಸುವಂಥದ್ದಲ್ಲ.

ಚಾಮರಾಜಪೇಟೆಯ ಗುರುಸಿದ್ಧಪ್ಪನವರ ಶಾಲೆಗಂತೂ ಇದು ಹೇಳಿ ಮಾಡಿಸಿದಂತಿತ್ತು. ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಕಟ್ಟಿಸಿದ ಆ ಕಲ್ಲು ಕಟ್ಟಡದಲ್ಲಿ ಯಾವ ಕಾಲದಿಂದಲೋ ಹಾಜರಿ ಕೂಗುವುದು ನಂಬರಿನಲ್ಲೇ. ಮೊದಲು ಹುಡುಗರು, ಆಮೇಲೆ ಹುಡುಗಿಯರು, ಹೆಸರಿನ ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ. ಒಂದು ಎಂದರೆ ಎಸ್ ಮಿಸ್, ಎರಡು ಎಂದರೆ ಎಸ್ ಮಿಸ್. ಪಿ.ಟಿ. ಮೇಷ್ಟ್ರು ಮೈದಾನದ ಆಚೆ ಕೊನೆಯಿಂದ ಮಕ್ಕಳನ್ನು ಕರೆಯುವುದೂ ನಂಬರಿನಲ್ಲೇ. ಹಳೇ ವಿದ್ಯಾರ್ಥಿಗಳು ಮದುವೆ ಮನೆಯಲ್ಲಿ ಸಿಕ್ಕರೆ ಈಗಲೂ ನಂಬರು ಹಿಡಿದೇ ರೇಗಿಸಿಕೊಳ್ಳುತ್ತಾರೆ.

ಎರಡನೇ ಸುತ್ತಿಗೆ ಶಿವರಂಜಿನಿ ಅಲ್ಲಿಗೆ ಹೋದಾಗ ದಸರಾ ರಜೆಗೆ ಇನ್ನು ಕೆಲವೇ ದಿನ ಉಳಿದಿತ್ತು. ಮಹಡಿಯ ವಿಜ್ಞಾನದ ಲ್ಯಾಬಿನಲ್ಲಿ ಜಾಗ ಕೊಟ್ಟಿದ್ದರು. ಗಾಜಿನ ಬೀರುವಿನಲ್ಲಿ ಬಣ್ಣ ಹೋದ ಕಪ್ಪೆ, ಹಾವುಗಳ ಶೀಸೆ. ಮಕ್ಕಳು ಬರುತ್ತಿದ್ದರು, ಶೀಸೆ ನೋಡುತ್ತಿದ್ದರು, ಮುಖ ತೋರಿಸುತ್ತಿದ್ದರು, ಹೋಗುತ್ತಿದ್ದರು. ಏಳನೇ ಕ್ಲಾಸಿನ ಮಕ್ಕಳ ಸರದಿ ಮುಗಿಯುತ್ತ ಬಂದಾಗ ಅವಳು ಬಾಗಿಲ ಹತ್ತಿರ ನಿಂತು ಕೂಗಿದಳು.

"ಮೂವತ್ತೊಂದು, ಬಾಮ್ಮ."

ಬಂದ ಹುಡುಗಿ ಶೀಸೆಗಳ ಕಡೆ ತಿರುಗಿಯೂ ನೋಡಲಿಲ್ಲ. ತೆಳ್ಳಗಿದ್ದಳು, ಯೂನಿಫಾರಮ್ಮು ಮೈಮೇಲೆ ಜೋತುಬಿದ್ದಿತ್ತು. ಕುರ್ಚಿಯ ತುದಿಯಲ್ಲಿ ಕೂತು, "ನೀವು ಮತ್ತೆ ಬರ್ತೀರ ಅಂತ ಗೊತ್ತಿತ್ತು ಮಿಸ್. ನೀವೇ ಹೇಳಿದ್ರಲ್ಲ" ಎಂದಳು. ಎಳೆಯ, ಮೇಲು ದನಿ. ಮಾತಿನ ಕೊನೆಗೆ ಒಂದು ಸಣ್ಣ ನಗು.

ಶಿವರಂಜಿನಿಗೆ ಖುಷಿಯಾಯಿತು. ಹೋದ ವರ್ಷ ನೂರಾರು ಮಕ್ಕಳನ್ನು ನೋಡಿದ್ದಳು, ಒಂದು ಮುಖವೂ ನೆನಪಿನಲ್ಲಿರಲಿಲ್ಲ. ಒಂದು ಮಗುವಾದರೂ ತನ್ನನ್ನು ನೆನಪಿಟ್ಟುಕೊಂಡಿದೆಯಲ್ಲ ಅಂದುಕೊಂಡಳು. ಪ್ರಶ್ನೆ ಶುರುಮಾಡಿದಳು. ಹುಡುಗಿ ಪ್ರತಿಯೊಂದಕ್ಕೂ ಬಾಯ್ತುಂಬ ನಗುವ ಮುಖದ ಮೇಲೆಯೇ ಬೆರಳಿಟ್ಟಳು. ಕ್ಲಾಸಿನಲ್ಲಿ? ನಗು. ಮನೆಯಲ್ಲಿ? ನಗು. ಗೆಳತಿಯರ ಜೊತೆ? ನಗು.

"ಯಾವುದಕ್ಕಾದ್ರೂ ಭಯ ಆಗುತ್ತಾ?"

"ತಾರಸಿ ಮೇಲಿನ ನೀರಿನ ಟ್ಯಾಂಕು ಅಂದ್ರೆ ಭಯ ಮಿಸ್. ಅದರೊಳಗೆ ಮಾತಾಡಿದ್ರೆ ಯಾರೋ ವಾಪಸ್ ಮಾತಾಡ್ತಾರೆ." ಮತ್ತೆ ಆ ಸಣ್ಣ ನಗು.

ಕೊನೆಯ ಪ್ರಶ್ನೆ ಸುಲಭದ್ದು, ಮಗು ಹಗುರಾಗಿ ಎದ್ದು ಹೋಗಲಿ ಎಂದು ಇಟ್ಟದ್ದು. ದಸರಾ ರಜೆ ಮುಗಿಸಿ ಬಂದ ಮೇಲೆ ಶಾಲೆಯಲ್ಲಿ ಏನು ಮಾಡಬೇಕು ಅಂತ ಆಸೆ?

"ಆಮೇಲೆ ನಾನಿರಲ್ಲ ಮಿಸ್."

"ಯಾಕಮ್ಮ, ಬೇರೆ ಸ್ಕೂಲಿಗೆ ಸೇರಿಸ್ತಿದಾರಾ?"

"ಇಲ್ಲ ಮಿಸ್. ಮೂವತ್ತೊಂದು ದಸರಾ ಆದ್ಮೇಲೆ ಬರಲ್ಲ." ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಅವಳ ಬೆರಳು ಇನ್ನೂ ನಗುವ ಮುಖದ ಮೇಲೆಯೇ ಇತ್ತು. ಆಮೇಲೆ ಎದ್ದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ ಹೊರಟುಹೋದಳು.

ಊಟದ ಬೆಲ್ಲಾಯಿತು. ಶಿವರಂಜಿನಿ ಊಟಕ್ಕೆ ಏಳಲಿಲ್ಲ. ಹೋದ ವರ್ಷದ ಉತ್ತರವನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಹೇಗೂ ಇದ್ದೇ ಇತ್ತು, ಇವಳದ್ದನ್ನು ಈಗಲೇ ನೋಡೋಣವೆಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಳೆಯ ರೆಕಾರ್ಡಿಂಗ್ ಹಾಕಿದಳು. ಆರನೇ ಕ್ಲಾಸು, ಮೂವತ್ತೊಂದು.

ಎಳೆಯ, ಮೇಲು ದನಿ. ಕ್ಲಾಸಿನಲ್ಲಿ? ನಗು ಮಿಸ್. ಮನೆಯಲ್ಲಿ? ನಗು ಮಿಸ್. ತಾರಸಿ ಮೇಲಿನ ನೀರಿನ ಟ್ಯಾಂಕು ಅಂದ್ರೆ ಭಯ ಮಿಸ್. ಅದರೊಳಗೆ ಮಾತಾಡಿದ್ರೆ ಯಾರೋ ವಾಪಸ್ ಮಾತಾಡ್ತಾರೆ. ಪ್ರತಿ ಮಾತಿಗೂ ಕೊನೆಯಲ್ಲಿ ಅದೇ ಸಣ್ಣ ನಗು, ಅದೇ ಜಾಗದಲ್ಲಿ ಅದೇ ಉಸಿರು. ವರ್ಷ ಕಳೆದರೂ ಒಂದಕ್ಷರ ಕೂಡ ಆಚೀಚೆ ಆಗಿರಲಿಲ್ಲ. ಕೊನೆಗೆ ಆ ದನಿ ಕೇಳಿತು: "ಮುಂದಿನ ವರ್ಷಾನೂ ಬರ್ತೀರಾ ಮಿಸ್? ಬಂದ್ರೆ ನನ್ನನ್ನ ಕೂಗ್ತೀರಾ?" ಬರ್ತೀನಮ್ಮ, ಖಂಡಿತ ಕೂಗ್ತೀನಿ ಎಂದು ಶಿವರಂಜಿನಿಯದೇ ದನಿ ಉತ್ತರಿಸಿತು.

ಮಕ್ಕಳು ಹೀಗೆ ಉತ್ತರಿಸುವುದಿಲ್ಲ. ವರ್ಷವೆಂದರೆ ಮಕ್ಕಳಿಗೆ ಒಂದು ಯುಗ, ಹೋದ ವರ್ಷದ ಭಯ ಈ ವರ್ಷಕ್ಕೆ ನಾಚಿಕೆಯಾಗಿರುತ್ತದೆ. ಫೋನು ಹಿಡಿದುಕೊಂಡೇ ಕೆಳಗಿಳಿದು ಸ್ಟಾಫ್ ರೂಮಿಗೆ ಹೋದಳು.

ಅಲ್ಲಿ ಆಂಡಾಳ್ ಮಿಸ್ ಮೊಸರನ್ನದ ಡಬ್ಬಿ ತೆರೆದುಕೊಂಡು ಕೂತಿದ್ದರು. ಏಳನೇ ಕ್ಲಾಸಿನ ಕ್ಲಾಸ್ ಟೀಚರು, ಮಕ್ಕಳ ಜೊತೆಗೇ ಆರರಿಂದ ಏಳಕ್ಕೆ ಬಂದವರು. ಮಲ್ಲೇಶ್ವರದಿಂದ ದಿನಾ ಮೆಟ್ರೋದಲ್ಲಿ ಬರುತ್ತಾರೆ. ಗಣಿತ ಹೇಳಿಕೊಡುತ್ತಾರೆ. ಅವರ ಕೈಯಲ್ಲಿ ಬೈಸಿಕೊಳ್ಳದ ಮಕ್ಕಳು ಆ ಶಾಲೆಯಲ್ಲಿಲ್ಲ, ಅವರ ಮೇಲೆ ಪ್ರಾಣ ಇಟ್ಟುಕೊಳ್ಳದವರೂ ಇಲ್ಲ.

"ಮಿಸ್, ನಿಮ್ಮ ಮೂವತ್ತೊಂದು ಸ್ಕೂಲು ಬಿಡ್ತಿದಾಳಾ? ಹೋದ ವರ್ಷ ಹೇಳಿದ್ದನ್ನೇ ಚಾಚೂ ತಪ್ಪದೆ ಹೇಳಿದ್ಲು."

ಆಂಡಾಳ್ ಮಿಸ್ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಇಳಿಸಿದರು. "ಹೋದ ವರ್ಷ ನೀವು ಬಂದಿದ್ದು ಜುಲೈಯಲ್ಲಿ ಅಲ್ವಾ?"

"ಹೌದು."

"ಆಗ ಮೂವತ್ತೊಂದು ಸಾನ್ವಿ ಕಣ್ರೀ. ಈಗ ನೀವು ಮಾತಾಡಿಸಿದ್ದು ಯಶಶ್ರೀನ. ಸಾನ್ವಿ ಹೋಗ್ಬಿಟ್ಲು, ದಸರಾ ರಜದಲ್ಲಿ. ಡೆಂಗ್ಯೂ. ಶುಕ್ರವಾರ ಜ್ವರ ಅಂದ್ರು, ಮುಂದಿನ ವಾರ ಮಗು ಇಲ್ಲ."

ಶಿವರಂಜಿನಿ ಬೆಂಚಿನ ಮೇಲೆ ಕೂತಳು. ತನ್ನ ಫೋನಿನೊಳಗೆ ಇಷ್ಟು ದಿನ ಒಂದು ಸತ್ತ ಮಗು ನಗುತ್ತ ಇತ್ತು, ತಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಓಡಾಡಿದ್ದಳು. ರೆಕಾರ್ಡಿಂಗನ್ನು ಆಂಡಾಳ್ ಮಿಸ್ ಮುಂದೆ ಹಾಕಿದಳು, ಮೊದಲು ಹಳೆಯದು, ಆಮೇಲೆ ಬೆಳಿಗ್ಗೆಯದು. ಎರಡನೆಯದು ಅರ್ಧ ಆಗುವಷ್ಟರಲ್ಲಿ ಆಂಡಾಳ್ ಮಿಸ್ ಕೈ ಅಡ್ಡ ಹಿಡಿದರು.

"ನಿಲ್ಸಿ. ಇದು ಯಶಶ್ರೀ ದನಿ ಅಲ್ಲ. ಯಶಶ್ರೀದು ದಪ್ಪ ಗಂಟಲು, ಯಾವಾಗ್ಲೂ ನೆಗಡಿ ಆದೋಳ ಥರ. ಹಾಡಿಗೆ ಸೇರಿಸ್ಕೊಳ್ಳಲ್ಲ ಅಂತ ಅಳ್ತಿದ್ಲು." ಅವರು ಡಬ್ಬಿಯ ಮುಚ್ಚಳ ಹಾಕಿದರು. "ಇಬ್ರೂ ಒಂದೇ ಬೆಂಚು. ಒಬ್ಳು ಹೇಳಿದ್ದು ಇನ್ನೊಬ್ಳಿಗೆ ಗೊತ್ತಿಲ್ಲ ಅಂತಿರ್ಲಿಲ್ಲ. ಒಂದು ವರ್ಷದಿಂದ ಯಶಶ್ರೀ ಎಸ್ ಮಿಸ್ ಅನ್ನೋದು ಬಿಟ್ರೆ ಮಾತೇ ಆಡಲ್ಲ, ಮೆಲ್ಲಗಾಗಿದಾಳೆ ಅಂದ್ಕೊಂಡಿದ್ದೆ. ಇವಳಮ್ಮ ಎರಡು ಸಲ ಬಂದು ಹೋದ್ರು, ಊಟಾನೇ ಮಾಡಲ್ಲ, ತನ್ನ ಕಂಪಾಸ್ ಬಾಕ್ಸು, ಹೊಸ ಬ್ಯಾಗು ಎಲ್ಲಾ ಯಾರ್ಯಾರಿಗೋ ಕೊಟ್ಬಿಟ್ಟಿದಾಳೆ ಅಂತ."

"ಇವಳಿಗೆ ಸಾನ್ವಿ ನಂಬರು ಹೇಗೆ ಬಂತು ಮಿಸ್?"

ಉತ್ತರ ಬಂದದ್ದು ಬಾಗಿಲಿಂದ. ಹೆಡ್‌ಮಾಸ್ಟರು ವಿಶ್ವಾರಾಧ್ಯರು ಅಲ್ಲಿ ನಿಂತಿದ್ದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬೀಗದ ಗೊಂಚಲು, ಯಾರ ಮೇಲೂ ದನಿಯೆತ್ತದ ಮನುಷ್ಯ. "ನಾನೇ ಮಾಡಿಸಿದ್ದು ತಾಯಿ. ರಜ ಮುಗಿದು ಮಕ್ಕಳು ಬಂದಾಗ ಮೂವತ್ತು ಆದ್ಮೇಲೆ ಮೂವತ್ತೆರಡು ಅಂತ ಕೂಗಿದ್ರೆ ಆ ನಡುವಿನ ಖಾಲಿ ದಿನಾ ಚುಚ್ಚುತ್ತೆ. ಪೇರೆಂಟ್ಸೂ ಬಂದು ಹೇಳಿದ್ರು, ಸತ್ತ ಮಗು ನಂಬರು ಖಾಲಿ ಬಿಟ್ರೆ ಒಳ್ಳೇದಲ್ಲ ಸಾರ್, ಇನ್ನೊಂದನ್ನ ಕರೆಯುತ್ತೆ ಅಂತ. ಮಾನಸಿಕ ಆರೋಗ್ಯದ ಭಾಷಣಕ್ಕೆ ಬಂದಿದ್ದೋರು ಕೂಡ ಮಕ್ಕಳ ಮುಂದೆ ಹೆಸರೆತ್ತಬೇಡಿ, ತಾವಾಗೇ ಮರೀತಾರೆ ಅಂದ್ರು. ಕೊನೇಲಿ ಉಳಿದಿದ್ದು ಯಶಶ್ರೀ ಒಬ್ಳೇ. ಅವಳನ್ನ ಒಂದು ಮೇಲಕ್ಕೆ ಸರಿಸಿದ್ವಿ. ಮೂವತ್ತೆರಡನ್ನ ತೆಗೆದುಹಾಕಿದ್ವಿ. ಅಷ್ಟೇ."

ಅಷ್ಟೇ. ಆ ಒಳ್ಳೆಯ ಮನುಷ್ಯನ ಮುಖ ನೋಡಿ ಶಿವರಂಜಿನಿಗೆ ಬೈಯಲೂ ಆಗಲಿಲ್ಲ. ಎಲ್ಲರೂ ಮಕ್ಕಳ ಒಳ್ಳೆಯದಕ್ಕೇ ಮಾಡಿದ್ದರು. ಗೆಳತಿ ಸತ್ತ ಮೇಲೆ ಶಾಲೆಗೆ ಬಂದ ಮೊದಲ ದಿನವೇ ಆ ಮಗುವಿನ ಕಿವಿಗೆ ಬಿದ್ದದ್ದು ಗೆಳತಿಯ ನಂಬರು, ಎಲ್ಲರೂ ತಿರುಗಿ ನೋಡಿದ್ದು ಅವಳನ್ನು. ಎದ್ದು ನಿಂತು ಎಸ್ ಮಿಸ್ ಅನ್ನದೆ ಬೇರೆ ದಾರಿಯಿರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಆ ಮಗು ಸತ್ತವಳ ಪರವಾಗಿ ಹಾಜರಿ ಹೇಳುತ್ತಿತ್ತು. ಇವತ್ತು ಲ್ಯಾಬಿನ ಬಾಗಿಲಲ್ಲಿ ನಿಂತು ಅದೇ ನಂಬರು ಕೂಗಿದವಳು ತಾನು.

ನಿಯಮದ ಪ್ರಕಾರ ಸಂಸ್ಥೆಗೆ ತಿಳಿಸಬೇಕು. ವರಾಂಡಕ್ಕೆ ಬಂದು ಮೇಲಧಿಕಾರಿ ಮನೋಹರ್‌ಗೆ ಫೋನು ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡು ಪಾಪ ಅಂದ. ಆಮೇಲೆ, "ಎರಡೂ ಬೇರೆ ಬೇರೆ ಮಕ್ಕಳಲ್ವಾ, ಹಾಗಿದ್ರೆ ಮೂವತ್ತೊಂದನ್ನ ಪೂರ್ತಿ ತೆಗೆದುಬಿಡಿ. ಇಬ್ಬರದೂ ಬೇಡ" ಅಂದ.

"ಯಾರನ್ನ ತೆಗೀಲಿ ಸರ್?" ಎಂದು ಕೇಳಿ ಶಿವರಂಜಿನಿ ಫೋನು ಇಟ್ಟುಬಿಟ್ಟಳು. ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸಕೂಡದೆಂಬ ನಿಯಮ ಮುರಿಯಲು ಅವಳಿಗೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗಲಿಲ್ಲ.

ಏಳನೇ ಕ್ಲಾಸಿನ ರೂಮಿನಲ್ಲಿ ಆಗ ಬೇರೆ ಯಾರೂ ಇರಲಿಲ್ಲ, ಎಲ್ಲ ಮೈದಾನದಲ್ಲಿದ್ದರು. ಯಶಶ್ರೀ ಒಬ್ಬಳೇ ಗೋಡೆ ಬದಿಗೆ ಒತ್ತಿಕೊಂಡು ಕೂತಿದ್ದಳು, ಬೆಂಚಿನ ಉಳಿದರ್ಧ ಖಾಲಿ. ಮುಂದೆ ಬಿಚ್ಚದ ಊಟದ ಡಬ್ಬಿ. ಶಿವರಂಜಿನಿ ಹೋಗಿ ಆ ಖಾಲಿ ಜಾಗದಲ್ಲಿ ಕೂರಲು ಬಾಗಿದಳು.

"ಅಲ್ಲಿ ಕೂತ್ಕೋಬೇಡಿ ಮಿಸ್," ಎಂದಿತು ಆ ತೆಳುವಾದ ದನಿ. "ಅದು ಯಶಶ್ರೀ ಜಾಗ."

ಮಟಮಟ ಮಧ್ಯಾಹ್ನ. ಹೊರಗೆ ಮಕ್ಕಳ ಗಲಾಟೆ ಕಿವಿ ಗಡಚಿಕ್ಕುವಂತಿತ್ತು. ಆದರೂ ಆ ಖಾಲಿ ಹಲಗೆಯ ಮೇಲೆ ಯಾರೋ ನಿಜಕ್ಕೂ ಕೂತು ತನ್ನನ್ನೇ ನೋಡುತ್ತಿರುವ ಹಾಗೆ ಅನಿಸಿ ಶಿವರಂಜಿನಿ ನೆಟ್ಟಗಾದಳು.

"ನೀನೇ ಯಶಶ್ರೀ ಅಲ್ವಾಮ್ಮ?"

ಹುಡುಗಿ ತಿಳಿಯದವರಿಗೆ ತಿಳಿಹೇಳುವ ತಾಳ್ಮೆಯಿಂದ ಅಲ್ಲವೆಂದು ತಲೆಯಾಡಿಸಿದಳು. "ಅವಳು ಮೂವತ್ತೆರಡು ಮಿಸ್. ಈಗ ಮೂವತ್ತೆರಡನ್ನ ಕೂಗೋದೇ ಇಲ್ವಲ್ಲ. ಕೂಗದಿದ್ರೆ ಎಲ್ಲಿಂದ ಬರ್ತಾಳೆ?"

"ಮತ್ತೆ ಸಾನ್ವಿ?"

"ಸಾನ್ವಿನ ದಿನಾ ಕೂಗ್ತಾರೆ. ಅದಕ್ಕೆ ಬರ್ತಾಳೆ." ಕೊನೆಯ ಆ ಸಣ್ಣ ನಗು ಬಂತು, ಆದರೆ ಕಣ್ಣು ನಗಲಿಲ್ಲ. "ದಸರಾವರೆಗೂ ಅಷ್ಟೇ ಮಿಸ್."

ಶಿವರಂಜಿನಿ ಅವಳ ಕೈ ಹಿಡಿದುಕೊಂಡಳು. ಮೈ ಸುಡುತ್ತಿತ್ತು.

ಅಲ್ಲಿಂದ ಅವಳು ನಡೆದುಕೊಂಡು ಹೋದಳೋ ಓಡಿಹೋದಳೋ, ಅವಳಿಗೇ ನೆನಪಿಲ್ಲ. ಆಂಡಾಳ್ ಮಿಸ್ ತಾವೇ ಆಟೋ ಕರೆದು ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದರು, ತಾಯಿಯನ್ನೂ ಅಲ್ಲಿಗೇ ಬರಹೇಳಿದರು. ರಕ್ತ ಪರೀಕ್ಷೆಯಾಯಿತು. ಡೆಂಗ್ಯೂ ಅಲ್ಲ, ಯಾವುದೂ ಅಲ್ಲ. ಊಟವಿಲ್ಲದೆ ಮೈ ಸೋತಿದೆ, ಮನಸ್ಸಿನ ಡಾಕ್ಟರಿಗೂ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಜ್ವರ ಇಳಿಯುವವರೆಗೆ ಯಶಶ್ರೀ ಮನೆಯಲ್ಲಿದ್ದಳು. ಆ ದಿನಗಳಲ್ಲಿ ಆಂಡಾಳ್ ಮಿಸ್ ಮೂವತ್ತರವರೆಗೆ ಕೂಗಿ ಬಾಯಿ ಮುಚ್ಚುತ್ತಿದ್ದರು. ಮುಂದಿನದನ್ನು ಕೂಗಲು ಅವರಿಗೆ ಭಯವಾಗುತ್ತಿತ್ತು. ಮನಸ್ಸಿನ ಡಾಕ್ಟರು ಮಗುವನ್ನು ನೋಡಿ ಹೇಳಿದ್ದೂ ಒಂದೇ ಮಾತು: ಇದ್ದದ್ದನ್ನು ಇದ್ದ ಹಾಗೆ ಹೇಳಿ, ಎಲ್ಲರ ಮುಂದೆ, ಅವಳು ನಂಬುವವರೇ ಹೇಳಲಿ.

ಹೆಸರು ಹಿಡಿದು, ಸಾನ್ವಿಯದನ್ನೂ ಸೇರಿಸಿ, ಹಾಜರಿ ಕೂಗುತ್ತೇನೆಂದು ಆಂಡಾಳ್ ಮಿಸ್ ಅಂದಾಗ ವಿಶ್ವಾರಾಧ್ಯರು ಮೊದಲು ಒಪ್ಪಲಿಲ್ಲ. "ಆ ಹೆಸರು ಕೇಳಿ ಮಕ್ಕಳೆಲ್ಲ ಅಳೋಕೆ ಶುರುಮಾಡಿದ್ರೆ?"

"ಅಳ್ಲಿ ಸರ್," ಅಂದರು ಆಂಡಾಳ್ ಮಿಸ್. "ಒಂದು ವರ್ಷದಿಂದ ಯಾರೂ ಅತ್ತಿಲ್ಲ. ನಾನೂ ಅತ್ತಿಲ್ಲ."

ರಜೆಗೆ ಮುಂಚಿನ ಕೊನೆಯ ದಿನ ಯಶಶ್ರೀ ಶಾಲೆಗೆ ಬಂದಳು. ತಾಯಿ ಬಾಗಿಲ ಹೊರಗೆ ನಿಂತರು, ಪಕ್ಕದಲ್ಲಿ ಶಿವರಂಜಿನಿ. ವಿಶ್ವಾರಾಧ್ಯರೂ ಬಂದು ಬೀಗದ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತರು. ಆಂಡಾಳ್ ಮಿಸ್ ಮೇಜಿನ ಹಿಂದೆ ಕೂರದೆ ನಿಂತುಕೊಂಡೇ, ಇವತ್ತು ಹೆಸರು ಕೂಗ್ತೀನಿ ಅಂದರು. ಹುಡುಗರಿಗೆ ಅದು ತಮಾಷೆಯಾಯಿತು. ಒಬ್ಬೊಬ್ಬರ ಹೆಸರಿಗೂ ಕಿಸಕ್ಕೆಂದು ನಗುತ್ತ, ನಾಚುತ್ತ ಎಸ್ ಮಿಸ್ ಅಂದರು. ಹುಡುಗಿಯರ ಸರದಿ ಬರುವಷ್ಟರಲ್ಲಿ ನಗು ಕಡಿಮೆಯಾಗಿತ್ತು. ಮುಂದೆ ಯಾರ ಹೆಸರು ಬರಬೇಕೆಂದು ಅವರಿಗೆಲ್ಲ ಗೊತ್ತಿತ್ತು.

"ಸಾನ್ವಿ."

ಗೋಡೆ ಬದಿಯಿಂದ ಯಶಶ್ರೀ ಎದ್ದು ನಿಂತಳು. "ಎಸ್ ಮಿಸ್." ಎಳೆಯ, ಮೇಲು ದನಿ, ಕೊನೆಯಲ್ಲಿ ಸಣ್ಣ ನಗು. ಶಿವರಂಜಿನಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೆ ಅಲ್ಲಿ ನಿಂತಿದ್ದದ್ದು ಸಾನ್ವಿಯೇ.

"ನೀನಲ್ಲ ಕಣಮ್ಮ," ಅಂದರು ಆಂಡಾಳ್ ಮಿಸ್. "ಸಾನ್ವಿ ಸತ್ತೋದ್ಲು. ಹೋದ ವರ್ಷ, ಜ್ವರ ಬಂದು. ನಾನೇ ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಬಂದೆ. ನಿಮಗೆಲ್ಲ ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅವಳ ನಂಬರು ನಿನಗೆ ಕೊಟ್ಟಿದ್ದು ನಮ್ಮ ತಪ್ಪು. ಅದರಿಂದ ನಿನಗೇನೂ ಆಗಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು. ಆಮೇಲೆ ಇನ್ನೊಬ್ಬರು. ಯಶಶ್ರೀ ಅಳಲಿಲ್ಲ. ನಿಂತೇ ಇದ್ದಳು.

"ಯಶಶ್ರೀ," ಎಂದು ಕೂಗಿದರು ಆಂಡಾಳ್ ಮಿಸ್.

ಹುಡುಗಿ ತನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದಳು, ಅಲ್ಲಿಂದ ಯಾರಾದರೂ ಏಳುತ್ತಾರೋ ಎಂಬಂತೆ. ಆಂಡಾಳ್ ಮಿಸ್ ಕಾದರು. ಗಣಿತದ ಕ್ಲಾಸಿನಲ್ಲಿ ಒಂದು ಲೆಕ್ಕದ ಉತ್ತರಕ್ಕೆ ಯಾವ ಮಗುವಿಗಾಗಿಯೂ ಅಷ್ಟು ಹೊತ್ತು ಕಾದವರಲ್ಲ ಅವರು. ಬಾಗಿಲ ಹೊರಗೆ ತಾಯಿ ಶಿವರಂಜಿನಿಯ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಿದ್ದರು.

ಕೊನೆಗೆ ಹುಡುಗಿ ತಲೆಯೆತ್ತಿದಳು. "ನಾನು ಬಂದ್ಬಿಟ್ರೆ ಅವಳು ಎಲ್ಲಿ ಕೂತ್ಕೋತಾಳೆ ಮಿಸ್?"

ದಪ್ಪ, ಒಡಕು ಗಂಟಲು, ನೆಗಡಿ ಆದವರ ಹಾಗೆ. ತಾಯಿಯ ಬಾಯಿಂದ ಅಯ್ಯೋ ಎಂಬ ಸದ್ದು ಹೊರಟಿತು. ಒಂದು ವರ್ಷದಿಂದ ಅವರು ಆ ದನಿ ಕೇಳಿರಲಿಲ್ಲ.

"ಎಲ್ಲೂ ಕೂತ್ಕೊಳ್ಳಲ್ಲ ಕಂದ," ಅಂದರು ಆಂಡಾಳ್ ಮಿಸ್.

ಯಶಶ್ರೀ ಆ ಮಾತನ್ನು ಕೇಳಿಸಿಕೊಂಡಳು. ಗೋಡೆಯನ್ನು ಒಂದು ಸಲ ಮುಟ್ಟಿದಳು. ಆಮೇಲೆ ಬೆಂಚಿನ ಈಚೆ ಬದಿಗೆ, ತನ್ನ ಜಾಗಕ್ಕೆ, ಮೆಲ್ಲಗೆ ಸರಿದು ಕೂತಳು. ಗೋಡೆ ಬದಿ, ಸಾನ್ವಿ ಕೂರುತ್ತಿದ್ದ ಜಾಗ, ಖಾಲಿಯಾಯಿತು. ಇಡೀ ಕ್ಲಾಸು ಆ ಖಾಲಿ ಜಾಗವನ್ನು ನೋಡಿತು, ಶಿವರಂಜಿನಿಯೂ ನೋಡಿದಳು. ಒಂದು ವರ್ಷ ತಡವಾಗಿ ಸಾನ್ವಿ ಆಗ ಸತ್ತಳು.

"ಎಸ್ ಮಿಸ್," ಎಂದು ಯಶಶ್ರೀ ಅಂದಳು, ಆಮೇಲೆ ಜೋರಾಗಿ ಅಳತೊಡಗಿದಳು.